ತಾಯಿ ಕಾರ್ಡ್ ಅಟ್ಟ ಸೇರುವ ಮುಂಚೆ

ಮಂಡ್ಯ ಜಿಲ್ಲೆಯ ಒಂದು ಆರೋಗ್ಯ ಉಪಕೇಂದ್ರದಲ್ಲಿ ನಾನು ಸಿಸ್ಟರ್. ಈಚೆಗೆ ನಮ್ಮ ಹುದ್ದೆಗೆ ಉದ್ದದ ಹೊಸ ಹೆಸರು ಬಂದಿದೆ. ಊರವರಿಗೆ ಮಾತ್ರ ಇವತ್ತಿಗೂ ಸೂಜಿ ಸಿಸ್ಟರಮ್ಮನೇ. ಗುರುವಾರ ಬೆಳಿಗ್ಗೆ ಪ್ರಾಥಮಿಕ ಆರೋಗ್ಯ ಕೇಂದ್ರ, ಅಂದರೆ ಪಿಎಚ್‌ಸಿಗೆ ಹೋಗಿ ಲಸಿಕೆ ಡಬ್ಬ ತುಂಬಿಸಿಕೊಂಡು ಅಂಗನವಾಡಿಗೆ ಬರುತ್ತೇನೆ. ಅಷ್ಟರಲ್ಲಿ ಆಶಾ ಕಾರ್ಯಕರ್ತೆ ನಾಲ್ಕು ಮನೆ ಬಾಗಿಲು ತಟ್ಟಿರುತ್ತಾರೆ.

ಮೊದಲ ವರ್ಷ ಒಂದು ತಪ್ಪು ಮಾಡಿದೆ. ಜಾಸ್ತಿ ತಣ್ಣಗಿದ್ದಷ್ಟೂ ಒಳ್ಳೆಯದು ಅಂದುಕೊಂಡು ಫ್ರೀಜರಿನ ಐಸ್ ಪ್ಯಾಕ್ ಹಾಗೇ ಡಬ್ಬಕ್ಕೆ ಹಾಕಿದೆ. ಐಸಿಗೆ ಒರಗಿಕೊಂಡಿದ್ದ, ಐದು ರೋಗ ತಡೆಯುವ ಪೆಂಟಾ ಲಸಿಕೆಯ ಬಾಟಲಿ ಹೆಪ್ಪುಗಟ್ಟಿತು. ಪೆಂಟಾ, ಗಂಟಲಮಾರಿ-ನಾಯಿಕೆಮ್ಮು-ಧನುರ್ವಾಯುವಿನ ಡಿಪಿಟಿ, ಧನುರ್ವಾಯು-ಗಂಟಲಮಾರಿಯ ಟಿಡಿ ಇವೆಲ್ಲ 2ರಿಂದ 8 ಡಿಗ್ರಿಯಲ್ಲೇ ಇರಬೇಕು. ಒಮ್ಮೆ ಗಡ್ಡೆ ಕಟ್ಟಿದರೆ ಕರಗಿಸಿ ಕೊಡುವ ಹಾಗಿಲ್ಲ. ಅವತ್ತು ಬಿಸಿಲಲ್ಲಿ ನಡೆದು ಬಂದಿದ್ದ ತಾಯಂದಿರನ್ನು ವಾಪಸ್ ಕಳಿಸಿದೆ. ಈಗ ಪ್ಯಾಕನ್ನು ಹೊರಗಿಟ್ಟು, ಕಿವಿ ಹತ್ತಿರ ಅಲ್ಲಾಡಿಸಿ, ಒಳಗೆ ನೀರಿನ ಸದ್ದು ಕೇಳಿದ ಮೇಲೇ ತುಂಬುತ್ತೇನೆ.

ಕ್ಷಯಕ್ಕೆ ಬಿಸಿಜಿ, ಪೋಲಿಯೊ ಹನಿ, 24 ಗಂಟೆಯೊಳಗೆ ಹಾಕಬೇಕಾದ ಹೆಪಟೈಟಿಸ್ ಬಿ ಹೆರಿಗೆ ಆಸ್ಪತ್ರೆಯಲ್ಲೇ ಮುಗಿದಿರುತ್ತವೆ. ಆಮೇಲೆ ನಮ್ಮ ಲೆಕ್ಕ ಒಂದೂವರೆ, ಎರಡೂವರೆ, ಮೂರೂವರೆ ತಿಂಗಳು. ಈ ಮೂರೂ ಸರಿಯಾಗಿ ಬಾಣಂತನಕ್ಕೇ ಬಂದು ಬೀಳುತ್ತವೆ. ಮಗುವಿನ ಹೆಸರು ನನ್ನ ಪಟ್ಟಿಯಲ್ಲಿ, ಮಗು ಇನ್ಯಾವುದೋ ತಾಲ್ಲೂಕಿನ ತವರಲ್ಲಿ. ಗಂಡನ ಊರಲ್ಲಿ ಹಾಕಿಸುತ್ತಾರೆ ಅಂತ ಅಲ್ಲಿಯ ಸಿಸ್ಟರ್ ಸುಮ್ಮನಿರುತ್ತಾರೆ. ತವರಲ್ಲಿ ಆಗಿರುತ್ತೆ ಅಂತ ನಾನೂ ಸುಮ್ಮನಿದ್ದೆ. ಹೀಗೆ ಒಂದು ಗಂಡುಮಗು ಐದು ತಿಂಗಳಿಗೆ ಊರಿಗೆ ಬಂದಾಗ ಹುಟ್ಟಿದ ದಿನದ್ದು ಬಿಟ್ಟರೆ, ಲಸಿಕೆ ಬರೆಯುವ ತಾಯಿ ಕಾರ್ಡೆಲ್ಲ ಖಾಲಿ. ಮಗುವಿನ ತಾಯಿ ಅಳುತ್ತಾ ನಿಂತಿದ್ದಳು. ಅವತ್ತೇ ಮೊದಲ ಡೋಸ್ ಹಾಕಿ, ನಾಲ್ಕು ನಾಲ್ಕು ವಾರ ಬಿಟ್ಟು ಉಳಿದದ್ದನ್ನು ಮುಗಿಸಿದೆವು. ಒಂದೆರಡು ಡೋಸ್ ಆಗಿ ನಡುವೆ ನಿಂತುಹೋಗಿದ್ದರೂ ಮೊದಲಿಂದ ಶುರು ಮಾಡುವುದಿಲ್ಲ, ನಿಂತಲ್ಲಿಂದ ಮುಂದಕ್ಕೆ. ಇದು ಗೊತ್ತಿಲ್ಲದೆ, ತಡವಾಯಿತಲ್ಲ ಬೈಯ್ತಾರೆ ಅಂತ ಮನೆಯಲ್ಲೇ ಉಳಿದುಬಿಡುವ ತಾಯಂದಿರು ಬಹಳ ಜನ.

ಅದಾದ ಮೇಲೆ ಬಸುರಿಗೆ ಏಳು ತಿಂಗಳಾಗುತ್ತಲೇ ತವರು ಯಾವುದು, ಅಲ್ಲಿಯ ಸಿಸ್ಟರ್ ಫೋನ್ ನಂಬರ್ ಏನು ಅಂತ ಕೇಳಿ ಬರೆದುಕೊಳ್ಳುತ್ತೇನೆ. ಪಟ್ಟಿಯಲ್ಲಿ ತಾರೀಖಿನ ಪಕ್ಕ ಪೆನ್ಸಿಲಿನಲ್ಲಿ ಇನ್ನೊಂದು ಗುರುತು ಇರುತ್ತದೆ: 'ಯುಗಾದಿಗೆ ಬರ್ತಾಳೆ', 'ನಾಮಕರಣ ಆದ ಮೇಲೆ', 'ಕಬ್ಬು ಕಡಿಯೋರು, ಸಂಜೆ ಸಿಗ್ತಾರೆ'. ಕಂಪ್ಯೂಟರಿನ ಪಟ್ಟಿಯಲ್ಲಿ ಇದಕ್ಕೆ ಜಾಗವಿಲ್ಲ.

ಸೂಜಿಯ ವಿಷಯ. ಮೊದಲು ಬಾಯಿಗೆ ಹನಿ, ಆಮೇಲೆ ಚುಚ್ಚುವುದು. ಪೆಂಟಾ ಎಡತೊಡೆಗೆ, ನ್ಯುಮೋನಿಯಾದ ಪಿಸಿವಿ ಬಲತೊಡೆಗೆ. ಒಂದೇ ದಿನ ಎರಡು ಮೂರು ಕಡೆ ಚುಚ್ಚಿದರೆ ಮಗು ತಡೆಯುತ್ತಾ ಅಂತ ಎಲ್ಲರೂ ಕೇಳುತ್ತಾರೆ. ತಡೆಯುತ್ತದೆ. ಅಮ್ಮನ ಎದೆಗೆ ಒರಗಿ ಹಾಲು ಕುಡಿಯುತ್ತಿದ್ದರೆ ಅಳು ಬೇಗ ನಿಲ್ಲುತ್ತದೆ. ಅರ್ಧ ಗಂಟೆ ಕೂರಿಸಿಕೊಂಡೇ ಕಳಿಸುವುದು. ಸುಮ್ನೆ ನೆಗಡಿ ಅಂತ ಲಸಿಕೆ ಮುಂದೂಡುವುದಿಲ್ಲ.

ನಿಜವಾದ ಪರೀಕ್ಷೆ ಆ ರಾತ್ರಿ. ಒಮ್ಮೆ ಹನ್ನೊಂದು ಗಂಟೆಗೆ ಒಬ್ಬರು ಅಜ್ಜಿ ಫೋನ್ ಮಾಡಿದರು: "ಏನವ್ವ ಸಿಸ್ಟರಮ್ಮ, ಚೆನ್ನಾಗಿದ್ದ ಕೂಸಿಗೆ ಏನ್ ಚುಚ್ಚಿದ್ದೀಯ, ಮೈಯೆಲ್ಲ ಸುಡ್ತಾ ಅದೆ, ಕಾಲು ಊದ್ಕೊಂಡದೆ." ಪೆಂಟಾ ಆದ ಮೇಲೆ ಒಂದೆರಡು ದಿನ ಜ್ವರ, ತೊಡೆ ಗಟ್ಟಿಯಾಗುವುದು ಸಾಮಾನ್ಯ. ಕೊಟ್ಟಿರುವ ಪ್ಯಾರಸಿಟಮಾಲ್ ಅಳತೆಯಷ್ಟೇ ಹಾಕಬೇಕು, ಚುಚ್ಚಿದ ಜಾಗಕ್ಕೆ ತಣ್ಣೀರು ಬಟ್ಟೆ ಇಡಬೇಕು, ಉಜ್ಜಬಾರದು. ಇದನ್ನೆಲ್ಲ ತಾಯಿಗೆ ಹೇಳಿದ್ದೆ. ಆದರೆ ಮನೆಯಲ್ಲಿ ಮಾತು ನಡೆಯುವುದು ಅಜ್ಜಿಯದು, ಅಲ್ವಾ? ಈಗ ಅಜ್ಜಿಯರನ್ನೂ ಕರೆಸಿ ಅವರಿಗೇ ಮೊದಲು ಹೇಳುತ್ತೇನೆ. ಬಿಸಿಜಿ ಹಾಕಿದ ತೋಳಲ್ಲಿ ಕೆಲವು ವಾರದ ಮೇಲೆ ಗುಳ್ಳೆ ಏಳುತ್ತೆ, ಒಡೆಯುತ್ತೆ, ಅದಕ್ಕೆ ಅರಿಶಿನ ಮೆತ್ತಬೇಡಿ ಅನ್ನುವುದನ್ನೂ ಅವರಿಗೇ ಹೇಳುತ್ತೇನೆ. ಆ ಅಜ್ಜಿ ಈಗ ಸೊಸೆಗಿಂತ ಮುಂಚೆ ಬಂದು ಕುರ್ಚಿ ಹಿಡಿಯುತ್ತಾರೆ.

ಲಸಿಕೆ ದಿನ ತೂಕವನ್ನೂ ನೋಡಬೇಕು. ಗದ್ದಲದಲ್ಲಿ ಮೊದಲು ಬಿಟ್ಟುಹೋಗುವುದು ಇದೇ. ಒಂದು ಹೆಣ್ಣುಮಗು ಆರು ತಿಂಗಳಲ್ಲಿ 6 ಕೆಜಿ ಇತ್ತು, ಒಂಬತ್ತರಲ್ಲಿ 6 ಕೆಜಿ 200 ಗ್ರಾಂ. ತೋಳಿಗೆ ಪಟ್ಟಿ ಸುತ್ತಿದರೆ 11.2 ಸೆಂಟಿಮೀಟರ್. 11.5ಕ್ಕಿಂತ ಕಡಿಮೆ ಇದ್ದರೆ ತೀವ್ರ ಅಪೌಷ್ಟಿಕತೆ ಅಂತ ಲೆಕ್ಕ. ಮುಖ ದುಂಡಗಿತ್ತು, ನೋಡಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಜಿಲ್ಲಾಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಕಳಿಸಿದೆವು. ಅಮ್ಮ ಕೊಡುತ್ತಿದ್ದದ್ದು ತೆಳ್ಳನೆ ರಾಗಿ ಸರಿ ಮತ್ತು ಬಿಸ್ಕತ್ತು ಮಾತ್ರ.

ಒಂಬತ್ತು ತಿಂಗಳಿಗೆ ಬಲತೋಳಿಗೆ ದಡಾರ-ರುಬೆಲ್ಲಾ, ಬೇರೆ ಕಡೆ ಮೆದುಳು ಜ್ವರದ ಲಸಿಕೆ, ಜೊತೆಗೆ 1 ಎಂಎಲ್ ವಿಟಮಿನ್ ಎ. ಮೆದುಳು ಜ್ವರದ್ದು ಎಲ್ಲ ಜಿಲ್ಲೆಗಳಲ್ಲೂ ಇಲ್ಲ, ಆ ಜ್ವರ ಕಾಣಿಸುವ ಜಿಲ್ಲೆಗಳಲ್ಲಿ ಮಾತ್ರ. ಒಂದೂವರೆ ವರ್ಷಕ್ಕೆ ಇವೆರಡರ ಎರಡನೇ ಡೋಸ್, ಡಿಪಿಟಿ ಬೂಸ್ಟರ್. ಅಲ್ಲಿಗೆ ಎಲ್ಲ ಮುಗಿಯಿತು ಅಂತ ತಾಯಿ ಕಾರ್ಡ್ ಅಟ್ಟ ಸೇರುತ್ತದೆ. ಐದು ವರ್ಷದ ಡಿಪಿಟಿ, ಹತ್ತು ಮತ್ತು ಹದಿನಾರರ ಟಿಡಿ ಇನ್ನೂ ಬಾಕಿ. ಗಂಟಲಮಾರಿ, ಧನುರ್ವಾಯು ತಡೆಯುವ ಶಕ್ತಿ ವರ್ಷ ಕಳೆದ ಹಾಗೆ ಇಳಿಯುತ್ತದೆ, ಅದಕ್ಕೇ ಈ ಮರುಡೋಸ್‌ಗಳು.

ಐದರದ್ದು ಸುಲಭ. ಒಂದನೇ ಕ್ಲಾಸಿಗೆ ಸೇರಿಸುವ ವೇಳೆ ಮೇಷ್ಟ್ರು ಕಾರ್ಡ್ ಕೇಳಿದರೆ ಸಾಕು, ಅಟ್ಟದಿಂದ ಇಳಿಯುತ್ತದೆ. ಹತ್ತರದ್ದು ಶಾಲೆಯಲ್ಲೇ. ಅಲ್ಲಿ ಬೇರೆ ತಾಪತ್ರಯ. 2017ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಅಭಿಯಾನ ನಡೆಯಿತಲ್ಲ, ಒಂಬತ್ತು ತಿಂಗಳಿಂದ ಹದಿನೈದು ವರ್ಷದವರೆಗೆ ಎಲ್ಲರಿಗೂ. ವಾಟ್ಸಾಪಿನಲ್ಲಿ ಇಲ್ಲದ ಸುದ್ದಿ ಹರಿದಾಡುತ್ತಿತ್ತು. ಒಂದು ಶಾಲೆಯಲ್ಲಿ ಎಂಟನೇ ಕ್ಲಾಸಿನ ಹುಡುಗಿ ಸೂಜಿ ನೋಡಿಯೇ ಕುಸಿದಳು. ಹಿಂದೆ ಸಾಲಲ್ಲಿದ್ದ ಮೂವರು ಅವಳನ್ನು ನೋಡಿ ಕುಸಿದರು. ಲಸಿಕೆ ಇನ್ನೂ ಯಾರ ಮೈಗೂ ಹೋಗಿರಲಿಲ್ಲ! ಅಪ್ಪಂದಿರು ಗೇಟಿಗೆ ಬಂದರು. ಮಲಗಿಸಿ ಕಾಲು ಎತ್ತಿಟ್ಟು ನೀರು ಕುಡಿಸಿದ ಮೇಲೆ ನಾಲ್ವರೂ ಎದ್ದು ಕೂತು ನಗುತ್ತಿದ್ದರು, ಅಷ್ಟರಲ್ಲಿ ಅರ್ಧ ಶಾಲೆ ಖಾಲಿ. ಅಂದಿನಿಂದ ಶಾಲೆಯಲ್ಲಿ ಸಾಲು ನಿಲ್ಲಿಸುವುದಿಲ್ಲ. ಬಿಸಿಯೂಟ ಆದ ಮೇಲೆ ಬೇರೆ ಕೋಣೆಯಲ್ಲಿ ಒಬ್ಬೊಬ್ಬರನ್ನೇ ಕೂರಿಸಿ, ಊಟಕ್ಕೆ ಏನು ಸಾರಿತ್ತು ಅಂತ ಕೇಳುತ್ತಾ ಹಾಕಿಬಿಡುತ್ತೇನೆ. ಶಾಲೆಗೆ ಆರ್‌ಬಿಎಸ್‌ಕೆ (ಸರ್ಕಾರದ ಮಕ್ಕಳ ಆರೋಗ್ಯ ತಪಾಸಣೆ ಯೋಜನೆ) ಡಾಕ್ಟರ ತಂಡವೂ ಬಂದು ಕಣ್ಣು, ಹಲ್ಲು, ಹೃದಯ ನೋಡುತ್ತದೆ. ಅವತ್ತು ಮಕ್ಕಳನ್ನು ರಜೆ ಹಾಕಿಸಬೇಡಿ ಅಂತ ಮನೆಯವರಿಗೆ ಹೇಳುತ್ತಿರುತ್ತೇನೆ.

ಹದಿನಾರರದ್ದೇ ಕಷ್ಟ. ಎಸ್ಸೆಸ್ಸೆಲ್ಸಿ ಮುಗಿದು ಕೆಲವರು ಪಿಯುಸಿಗೆ ಪಟ್ಟಣಕ್ಕೆ ಹೋಗುತ್ತಾರೆ, ಕೆಲವರು ಗ್ಯಾರೇಜಿಗೆ. ಗ್ಯಾರೇಜಿನ ಹುಡುಗರಿಗೇ ಕೈಗೆ ಗಾಯವಾಗುವುದು ಜಾಸ್ತಿ. ಅದಕ್ಕೆ ಹತ್ತನೇ ಕ್ಲಾಸಿನ ಹಾಜರಿ ಪುಸ್ತಕ ನೋಡಿ ಹೆಸರು ಮೊದಲೇ ಬರೆದಿಟ್ಟುಕೊಳ್ಳುತ್ತೇನೆ. ಈ ಸಲದ ಪಟ್ಟಿಯಲ್ಲಿ ಇನ್ನು ಇಬ್ಬರು ಬಾಕಿ. ಒಬ್ಬಳು ಈ ಗುರುವಾರ ಕಾಲೇಜು ಬಿಟ್ಟು ಬರುತ್ತಾಳೆ. ಇನ್ನೊಬ್ಬ ಬೆಂಗಳೂರಿನಲ್ಲಿದ್ದಾನೆ, ಅವರಮ್ಮನಿಗೂ ವಿಳಾಸ ಸರಿಯಾಗಿ ಗೊತ್ತಿಲ್ಲ. ಅವನ ಹೆಸರಿನ ಮುಂದೆ 'ಮಾರಮ್ಮನ ಹಬ್ಬ' ಅಂತ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ.