ಸವೆದ ನಾಣ್ಯದ ಇಸವಿ ಮತ್ತೆ ಕಾಣಿಸುವಂತೆ ಮಾಡುವುದು ಹೇಗೆ

ಕೊಡಗಿನ ಕುಟುಂಬಗಳ ಮೂಲಮನೆಗಳಾದ ಹಳೇ ಐನ್‌ಮನೆಗಳಲ್ಲಿ ಅಟ್ಟದ ಪೆಟ್ಟಿಗೆ ತೆಗೆದರೆ ಆಣೆ ಕಾಲದ ನಾಣ್ಯ ಸಿಗುವುದು ಅಪರೂಪವೇನಲ್ಲ. ರಾಜನ ತಲೆ ಕಾಣುತ್ತದೆ, ಎಷ್ಟು ಆಣೆ ಅನ್ನುವುದೂ ಕಾಣುತ್ತದೆ, ಇಸವಿ ಇರಬೇಕಾದ ಜಾಗ ಮಾತ್ರ ಬೋಳು. ಅದನ್ನು ಫೆರಿಕ್ ಕ್ಲೋರೈಡ್ ಅನ್ನುವ ಕೆಮಿಕಲ್ ಹಾಕಿ ಓದುವ ದಾರಿ ಇದೆ. ಆದರೆ ಎಲ್ಲ ನಾಣ್ಯಕ್ಕೂ ಅಲ್ಲ. ಒಮ್ಮೆ ಕೆಮಿಕಲ್ ಮುಟ್ಟಿದ ಜಾಗ ಮೊದಲಿನ ಹಾಗೆ ಆಗುವುದೂ ಇಲ್ಲ. ಬೆಲೆಬಾಳುವ ನಾಣ್ಯ ಇರಬಹುದು ಅನ್ನಿಸಿದರೆ ದಯವಿಟ್ಟು ಮುಟ್ಟಬೇಡಿ.

ಮೊದಲು ಬೆಳಕಿನಲ್ಲಿ ನೋಡಿ. ಕೋಣೆ ಕತ್ತಲು ಮಾಡಿ, ಟಾರ್ಚನ್ನು ಮೇಲಿನಿಂದ ಹಿಡಿಯದೆ ನಾಣ್ಯದ ಪಕ್ಕದಲ್ಲೇ ಮಲಗಿಸಿ ಹಿಡಿದು, ನಾಣ್ಯವನ್ನು ನಿಧಾನವಾಗಿ ತಿರುಗಿಸುತ್ತಾ ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದರೆ, ಕಣ್ಣಿಗೆ ಬೀಳದ ಅಂಕಿಯ ನೆರಳು ಎಷ್ಟೋ ಸಲ ಅಲ್ಲೇ ಸಿಗುತ್ತದೆ. ರಾಜ ಯಾರು ಅಂತ ಗೊತ್ತಾದರೂ ಹುಡುಕುವ ವರ್ಷಗಳು ಕಡಿಮೆಯಾಗುತ್ತವೆ. ಅಂಚು ಅಲೆಅಲೆಯಾಗಿರುವ ಒಂದಾಣೆಯಲ್ಲಿ ಏಳನೇ ಎಡ್ವರ್ಡ್ ಇದ್ದರೆ ಅದು 1907ರಿಂದ 1910ರ ಒಳಗಿನದು. ಐದನೇ ಜಾರ್ಜ್ ಇದ್ದರೆ 1912ರಿಂದ 1936ರ ಒಳಗೆ. ತಾಮ್ರ-ನಿಕ್ಕಲ್‌ನ ಎಂಟಾಣೆಯನ್ನು 1919 ಮತ್ತು 1920ರಲ್ಲಿ ಮಾತ್ರ ಟಂಕಿಸಿದರು, ಅಲ್ಲಿ ಕೊನೆಯ ಅಂಕಿಯ ತುಣುಕು ಕಂಡರೂ ಸಾಕು. ಅದು ಸುಲಭಕ್ಕೆ ಸಿಗುವ ನಾಣ್ಯವೂ ಅಲ್ಲ, ಕೆಮಿಕಲ್ ಅಂತೂ ಬೇಡವೇ ಬೇಡ.

ಸವೆದು ಹೋದ ಅಂಕಿ ಮತ್ತೆ ಬರುವುದು ಹೇಗೆ? ಅಚ್ಚು ಬಿದ್ದಾಗ ಲೋಹ ಎಲ್ಲ ಕಡೆ ಒಂದೇ ಥರ ಒತ್ತಿಕೊಳ್ಳುವುದಿಲ್ಲ. ಮೇಲಿನ ಅಂಕಿ ಸವೆದರೂ ಅದರ ಕೆಳಗಿನ ಲೋಹದಲ್ಲಿ ಆ ಒತ್ತಡದ ವ್ಯತ್ಯಾಸ ಉಳಿದಿರುತ್ತದೆ. ಕೆಮಿಕಲ್ ಆ ಭಾಗವನ್ನು ಒಂದು ವೇಗದಲ್ಲಿ, ಸುತ್ತಲಿನದನ್ನು ಇನ್ನೊಂದು ವೇಗದಲ್ಲಿ ತಿನ್ನುತ್ತದೆ, ಆಗ ಅಂಕಿಯ ಆಕಾರ ಕಾಣುತ್ತದೆ. ಕೋವಿಯ ನಂಬರನ್ನೋ ಗಾಡಿಯ ಚಾಸಿ ನಂಬರನ್ನೋ ಯಾರಾದರೂ ಅರದಿಂದ ಉಜ್ಜಿ ಅಳಿಸಿದ್ದರೆ ಪೊಲೀಸ್ ಲ್ಯಾಬಿನವರು ಓದುವುದೂ ಇದೇ ತತ್ವದ ಮೇಲೆ.

ಇದಕ್ಕೆ ಚೆನ್ನಾಗಿ ಒಗ್ಗುವುದು ತಾಮ್ರ-ನಿಕ್ಕಲ್ ನಾಣ್ಯ, ಅಂದರೆ ಮುಕ್ಕಾಲು ಪಾಲು ತಾಮ್ರ, ಕಾಲು ಪಾಲು ನಿಕ್ಕಲ್ ಇರುವ ಹಳೇ ಒಂದಾಣೆ, ಎರಡಾಣೆ. ಅಮೆರಿಕದ ಸಂಗ್ರಾಹಕರು 1913ರಿಂದ 1938ರವರೆಗಿನ ಬಫಲೋ ನಿಕ್ಕಲ್ ಅನ್ನುವ ಐದು ಸೆಂಟಿನ ನಾಣ್ಯದ ಮೇಲೆ ಇದನ್ನೇ ಮಾಡುತ್ತಾರೆ, ಅದೂ ಇದೇ ಲೋಹ. ಈಸ್ಟ್ ಇಂಡಿಯಾ ಕಂಪನಿ ಕಾಲದ ತಾಮ್ರದ ಕಾಲಾಣೆಗೆ ಹಾಕಿದರೆ ಮೈಯೆಲ್ಲ ಗುಳಿ ಬೀಳುತ್ತದೆ. ಬೆಳ್ಳಿ ರೂಪಾಯಿಗೆ ಬೇಡ. ಅಲ್ಯೂಮಿನಿಯಂ ಪೈಸೆಗಳ ಹತ್ತಿರ ಈ ಬಾಟಲಿ ತರಲೇಬೇಡಿ, ಜೋರಾಗಿ ಕುದಿದು ಬಿಸಿಯಾಗುತ್ತದೆ. ವೀರರಾಯ ಹಣ ಅನ್ನುವ ಹಳೇ ಪುಟ್ಟ ಚಿನ್ನದ ನಾಣ್ಯದಲ್ಲಂತೂ ಇಸವಿಯೇ ಇಲ್ಲ. ಹುಣಸೆ, ನಿಂಬೆ, ಕಾಚಂಪುಳಿ (ಕೊಡಗಿನ ಕಪ್ಪು ಹುಳಿ) ಹಾಕಿ ಉಜ್ಜಿದರೂ ಇಸವಿ ಬರುವುದಿಲ್ಲ, ಎಷ್ಟೋ ವರ್ಷದಿಂದ ಕಟ್ಟಿದ ಬಣ್ಣ ಸುಮ್ನೆ ಹೋಗುತ್ತದೆ. ಇನ್ನೊಂದು ಮಾತು, ತೋಟದಲ್ಲಿ ಗುಂಡಿ ತೋಡುವಾಗ ನಾಣ್ಯಗಳ ಗಂಟೇ ಸಿಕ್ಕಿದ್ದರೆ ಅದಕ್ಕೆ ಕರ್ನಾಟಕದ 1962ರ ನಿಧಿ ಕಾಯ್ದೆ ಇದೆ, ಮೊದಲು ಜಿಲ್ಲಾಧಿಕಾರಿ ಕಚೇರಿಗೆ ತಿಳಿಸಬೇಕು.

ಬೇಕಾಗುವುದು ಫೆರಿಕ್ ಕ್ಲೋರೈಡ್. ಸರ್ಕ್ಯೂಟ್ ಬೋರ್ಡ್ ಮಾಡುವವರು ಬಳಸುತ್ತಾರೆ, ಬೆಂಗಳೂರಿನ ಎಸ್‌ಪಿ ರೋಡಿನಂಥ ಕಡೆ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಕೇಳಿ. ಪುಡಿ ಬೇಡ, ನೀರಿಗೆ ಹಾಕಿದರೆ ಕಾಯುತ್ತದೆ. ದ್ರಾವಣವನ್ನೇ ತನ್ನಿ. ಕೈಗವಸು, ಕಣ್ಣಿಗೆ ಕನ್ನಡಕ ಕಡ್ಡಾಯ. ಅಡುಗೆಮನೆಯ ಸ್ಟೀಲ್ ಸಿಂಕ್ ಬೇಡ, ಅದನ್ನೂ ತಿನ್ನುತ್ತದೆ. ಗಾಳಿ ಆಡುವ ಜಗಲಿಯಲ್ಲಿ, ಮಕ್ಕಳು ನಾಯಿ ಬರದ ಕಡೆ, ಪ್ಲಾಸ್ಟಿಕ್ ಟ್ರೇ ಇಟ್ಟು ಕೂರಿ.

ನಾಣ್ಯವನ್ನು ಸೋಪಿನ ನೀರಿನಲ್ಲಿ ನೆನೆಸಿ ತೊಳೆದು ಒಣಗಿಸಿ, ಜಿಡ್ಡು ಉಳಿದರೆ ಕೆಮಿಕಲ್ ಹಿಡಿಯುವುದಿಲ್ಲ. ಮೊದಲು ಒಂದು ಫೋಟೋ ತೆಗೆದಿಡಿ. ಆಮೇಲೆ ಟೂತ್‌ಪಿಕ್ಕಿನ ತುದಿಯಿಂದ ಇಸವಿಯ ಜಾಗಕ್ಕೆ ಮಾತ್ರ ಒಂದು ಸಣ್ಣ ಹನಿ. ಅರ್ಧ ನಿಮಿಷಕ್ಕೇ ಒರೆಸಿ, ಓರೆ ಬೆಳಕಿನಲ್ಲಿ ನೋಡಿ. ಏನೂ ಕಾಣದಿದ್ದರೆ ಇನ್ನೊಂದು ಹನಿ. ಹೀಗೆ ಸ್ವಲ್ಪ ಸ್ವಲ್ಪವೇ ಮಾಡಿ, ಒಟ್ಟಿಗೆ ಜಾಸ್ತಿ ಹೊತ್ತು ಬಿಟ್ಟರೆ ಬರಬೇಕಾಗಿದ್ದ ಅಂಕಿಯನ್ನೂ ಅದೇ ತಿಂದುಬಿಡುತ್ತದೆ. ಅಂಕಿ ಓದುವಷ್ಟು ಬಂದ ಕೂಡಲೇ ನಿಲ್ಲಿಸಿ. ಇನ್ನೂ ಸ್ಪಷ್ಟವಾಗಲಿ ಅನ್ನುವ ಆಸೆಗೇ ಎಷ್ಟೋ ನಾಣ್ಯ ಹಾಳಾಗುತ್ತವೆ. ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಕಲಸಿ ಅದರಲ್ಲಿ ಅದ್ದಿ, ಆಮೇಲೆ ಡಿಸ್ಟಿಲ್ಡ್ ವಾಟರ್‌ನಲ್ಲಿ ಎರಡು ಮೂರು ಸಲ ತೊಳೆದು, ಉಜ್ಜದೆ ಹತ್ತಿ ಬಟ್ಟೆಯಲ್ಲಿ ಒತ್ತಿ ಒರೆಸಿ. ಕ್ಲೋರೈಡ್ ಒಂಚೂರು ಉಳಿದರೂ ನಮ್ಮ ಮಳೆಗಾಲದ ತೇವಕ್ಕೆ ಹಸಿರು ಕಿಲುಬು ಏಳುತ್ತದೆ. ಸಾಧ್ಯವಾದರೆ ಈ ಕೆಲಸವನ್ನು ಬೇಸಿಗೆಗೇ ಇಟ್ಟುಕೊಳ್ಳಿ.

ತೊಳೆದ ನೀರನ್ನು ತೋಡಿಗೆ, ಗದ್ದೆಗೆ, ಬಾವಿಯ ಹತ್ತಿರ ಚೆಲ್ಲಬೇಡಿ. ಅದರಲ್ಲಿ ಕರಗಿದ ತಾಮ್ರ ಇರುತ್ತದೆ, ಮೀನಿಗೆ ಅದು ವಿಷ, ಮತ್ತು ಇಲ್ಲಿನ ತೋಡುಗಳು ಬಹುಪಾಲು ಸೇರುವುದು ಕಾವೇರಿಯನ್ನೇ ಅಲ್ವಾ. ನೊರೆ ಬರುವುದು ನಿಲ್ಲುವ ತನಕ ಸೋಡಾ ಹಾಕಿ, ಮುಚ್ಚಳ ಹಾಕದೆ ಎರಡು ದಿನ ಇಟ್ಟು, ಆಮೇಲೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಒಳಗೇನಿದೆ ಅಂತ ಮೇಲೆ ಬರೆದು, ಅಪಾಯಕಾರಿ ಕಸ ತೆಗೆದುಕೊಳ್ಳುವವರಿಗೆ ಕೊಡಿ.

ಇಸವಿ ಬಂದ ಜಾಗ ಮಾಸಲಾಗಿ, ಒರಟಾಗಿ ಕಾಣುತ್ತದೆ. ತಿಳಿದವರಿಗೆ ನೋಡಿದ ಕೂಡಲೇ ಗೊತ್ತಾಗುತ್ತದೆ, ಬೆಲೆಯೂ ಇಳಿಯುತ್ತದೆ. ಆಲ್ಬಂನಲ್ಲಿ ಇಡುವಾಗ ಕಾಗದದ ಕವರಿನ ಮೇಲೆ ‘ಕೆಮಿಕಲ್‌ನಿಂದ ಇಸವಿ ತೆಗೆದದ್ದು’ ಅಂತ ಬರೆಯಿರಿ, ಮಾರುವಾಗಲೂ ಬಾಯಿಬಿಟ್ಟು ಹೇಳಿ. ಕೊಳ್ಳುವವನು ನಾಣ್ಯ ಕೈಗೆತ್ತಿಕೊಳ್ಳುವ ಮೊದಲೇ ಹೇಳಬೇಕು.