ಜವಾನನಾಗಿ ಹೋಗೋದಾ, ಆಫೀಸರ್ ಆಗಿ ಹೋಗೋದಾ? ಎರಡೂ ಆದವನ ಅನುಭವ

ನಮ್ಮ ಕಡೆಯ ಹುಡುಗರು ಫೋನ್ ಮಾಡಿ ಕೇಳುವುದು ಯಾವಾಗಲೂ ಒಂದೇ ಪ್ರಶ್ನೆ. "ಅಣ್ಣ, ಮಿಲಿಟರಿಗೆ ಸೇರಬೇಕು, ಏನು ಮಾಡಲಿ?" ನಾನು ತಿರುಗಿ ಕೇಳುತ್ತೇನೆ, ಜವಾನನಾಗಿಯಾ, ಆಫೀಸರ್ ಆಗಿಯಾ? ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರುವುದಿಲ್ಲ. ಎರಡು ಬೇರೆ ಬೇರೆ ಬಾಗಿಲು ಇವೆ ಅನ್ನುವುದೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ. ನಾನು ಎರಡೂ ಬಾಗಿಲಿನಿಂದ ಒಳಗೆ ಹೋದವನು. 2001ರಲ್ಲಿ ಸಿಪಾಯಿ, 2009ರಲ್ಲಿ ಲೆಫ್ಟಿನೆಂಟ್.

ಪಿಯುಸಿ ಮುಗಿಸಿ ಮನೆಯಲ್ಲಿದ್ದೆ. ಹಾವೇರಿ ಜಿಲ್ಲೆಯ ಹಳ್ಳಿ, ಮೂರು ಎಕರೆ ಹೊಲ, ಅಪ್ಪನ ತಲೆ ಮೇಲೆ ಸಾಲ. ಭರ್ತಿ ರ್‍ಯಾಲಿ ಇದೆ ಅಂತ ಗೆಳೆಯ ಹೇಳಿದ. ರಾತ್ರಿ ಎರಡು ಗಂಟೆಗೇ ಹೋಗಿ ಮೈದಾನದ ಹೊರಗೆ ಸಾಲಿನಲ್ಲಿ ಕೂತೆವು. ಒಂದು ಮೈಲಿ ಓಟ, ಪುಲ್ ಅಪ್, ಒಂಬತ್ತು ಅಡಿ ಹಳ್ಳ ಹಾರುವುದು, ಮೆಡಿಕಲ್, ಆಮೇಲೆ ಬರವಣಿಗೆ ಪರೀಕ್ಷೆ. ಪಾಸಾದೆ. ಬೆಂಗಳೂರಿನಲ್ಲಿ ಹಲಸೂರು ಕೆರೆ ಪಕ್ಕದಲ್ಲಿರುವ ಮದ್ರಾಸ್ ಎಂಜಿನಿಯರ್ ಗ್ರೂಪ್‌ಗೆ ಹೋದೆ. ಅಲ್ಲಿ ಸಿಪಾಯಿಗೆ ಸ್ಯಾಪರ್ ಅನ್ನುತ್ತಾರೆ, ಪ್ರೀತಿಯಿಂದ ತಂಬಿ ಅನ್ನುತ್ತಾರೆ.

ಆಗ ನನಗೆ 18 ವರ್ಷ. ಎನ್‌ಡಿಎ ಅಂದರೆ ನ್ಯಾಷನಲ್ ಡಿಫೆನ್ಸ್ ಅಕಾಡೆಮಿ, ಪಿಯುಸಿ ಆದ ಮೇಲೆ ನೇರ ಆಫೀಸರ್ ಆಗುವ ದಾರಿ. ಅದಕ್ಕೆ ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆ. ಅಂದರೆ ನನಗೆ ಇನ್ನೂ ಟೈಮ್ ಇತ್ತು! ನಮ್ಮ ಕಾಲೇಜಿನಲ್ಲಿ ಒಬ್ಬರ ಬಾಯಲ್ಲೂ ಆ ಹೆಸರು ಬಂದಿರಲಿಲ್ಲ. ವಿಜಯಪುರದ ಸೈನಿಕ ಶಾಲೆಗೆ ಸೇರುವ ಮಗುವಿಗೆ ಆರನೇ ಕ್ಲಾಸಿನಲ್ಲೇ ಗೊತ್ತಾಗುವ ವಿಷಯ ನನಗೆ ಬ್ಯಾರಕ್‌ನಲ್ಲಿ ಮಲಗಿಕೊಂಡು, ಪಕ್ಕದ ಮಂಚದವನ ಬಾಯಿಂದ ಗೊತ್ತಾಯಿತು. ಅಷ್ಟು ಹೊತ್ತಿಗೆ ವಯಸ್ಸು ದಾಟಿತ್ತು. ಇದು ಈಗಲೂ ನನ್ನನ್ನು ಕಾಡುತ್ತದೆ. ನನಗಾಗಿ ಅಷ್ಟಲ್ಲ, ಇವತ್ತಿಗೂ ಹಳ್ಳಿ ಕಾಲೇಜುಗಳಲ್ಲಿ ಹಾಗೇ ಇದೆ ಅನ್ನುವುದಕ್ಕೆ.

ಹಾಗಂತ ಜವಾನನಾಗಿದ್ದ ವರ್ಷಗಳು ದಂಡ ಅಂತ ಯಾರೂ ತಿಳಿಯಬೇಡಿ. ಸ್ಯಾಪರ್‌ಗಳ ಕೆಲಸ ಸೇತುವೆ, ರಸ್ತೆ, ನೆಲದಲ್ಲಿ ಹೂಳುವ ಮೈನ್. ಬೇಲಿ ಬ್ರಿಡ್ಜ್ ಅಂತ ಇದೆ, ಕಬ್ಬಿಣದ ಪ್ಯಾನೆಲ್‌ಗಳನ್ನು ಪಿನ್ ಹಾಕಿ ಜೋಡಿಸುವುದು. ಒಂದು ಪ್ಯಾನೆಲ್ ಹತ್ತು ಅಡಿ ಉದ್ದ, ಸುಮಾರು 260 ಕೆಜಿ ತೂಕ. ಆರು ಜನ ಕೆಳಗೆ ರಾಡ್ ತೂರಿಸಿ ಎತ್ತಬೇಕು. ಒಬ್ಬರ ಉಸಿರು ಇನ್ನೊಬ್ಬರಿಗೆ ಕೇಳಿಸುತ್ತಿರುತ್ತದೆ. ಒಬ್ಬನ ಕಾಲು ಜಾರಿದರೆ ಆ ಭಾರ ಉಳಿದ ಐದು ಜನರ ಕೈಗೆ ಬರುತ್ತದೆ, ಅವರೂ ಬಿಟ್ಟರೆ ಯಾರದಾದರೂ ಪಾದದ ಮೇಲೆ. ಹಾಗಾಗಿ ಯಾರೂ ಬಿಡುವುದಿಲ್ಲ. ಆ ಐದು ಜನರ ಜೊತೆ ಬೆಳೆದ ನಂಟು ನನಗೆ ಆಮೇಲೆ ಎಲ್ಲೂ ಸಿಗಲಿಲ್ಲ.

ಎರಡು ವರ್ಷ ಆದ ಮೇಲೆ ನಮ್ಮ ಕಂಪನಿಯ ಆಫೀಸರ್ ಒಬ್ಬರು ಕರೆದು ಕೇಳಿದರು, "ಹನ್ನೆರಡನೇ ಕ್ಲಾಸ್ ಪಾಸಾಗಿದೀಯಲ್ಲ, ಎಸಿಸಿ ಫಾರ್ಮ್ ಯಾಕೆ ತುಂಬಿಲ್ಲ?" ಎಸಿಸಿ ಅಂದರೆ ಆರ್ಮಿ ಕೆಡೆಟ್ ಕಾಲೇಜ್, ಡೆಹ್ರಾಡೂನ್‌ನಲ್ಲಿದೆ. ಸೇವೆಯಲ್ಲಿರುವ ಜವಾನರಿಗೆ ಆಫೀಸರ್ ಆಗುವ ದಾರಿ ಅದು. ವಯಸ್ಸು 20ರಿಂದ 27ರೊಳಗೆ ಇರಬೇಕು, ಎರಡು ವರ್ಷ ಸರ್ವೀಸ್ ಆಗಿರಬೇಕು. ಲಿಖಿತ ಪರೀಕ್ಷೆ, ಎಸ್‌ಎಸ್‌ಬಿ ಅನ್ನುವ ಐದು ದಿನದ ಆಫೀಸರ್ ಆಯ್ಕೆ, ಮೆಡಿಕಲ್. ಪಾಸಾದರೆ ಅಲ್ಲೇ ಮೂರು ವರ್ಷ ಓದಿ ಡಿಗ್ರಿ, ಆಮೇಲೆ ಒಂದು ವರ್ಷ ಇಂಡಿಯನ್ ಮಿಲಿಟರಿ ಅಕಾಡೆಮಿ. ಒಟ್ಟು ನಾಲ್ಕು ವರ್ಷ ಮತ್ತೆ ಮೊದಲಿನಿಂದ ರಗಡಾ, ಅಂದರೆ ಮೈ ಮುರಿಯುವ ತರಬೇತಿ, ತಿನ್ನಬೇಕು, ಅದೂ ಆಗಲೇ ಒಂದು ಸಲ ತಿಂದವನು.

ಫಾರ್ಮ್ ತುಂಬಿದ್ದು ತುಂಬಾ ಯೋಚನೆ ಮಾಡಿ ಅಲ್ಲ. ಆಫೀಸರ್ ಅಂದರೆ ದೊಡ್ಡದು, ಅಷ್ಟೇ ತಲೆಯಲ್ಲಿ ಇದ್ದದ್ದು. ಮೊದಲ ಎಸ್‌ಎಸ್‌ಬಿಯಲ್ಲಿ ಮೊದಲ ದಿನವೇ ಹೊರಗೆ ಬಂದೆ. ಒಂದು ಮಸುಕು ಚಿತ್ರವನ್ನು 30 ಸೆಕೆಂಡು ತೋರಿಸುತ್ತಾರೆ, ಕಥೆ ಬರೆಯಬೇಕು, ಆಮೇಲೆ ಗುಂಪಿನಲ್ಲಿ ಮಾತಾಡಬೇಕು. ಕಥೆ ಬರೆದೆ. ಗುಂಪಿನಲ್ಲಿ ಬಾಯಿ ಬಿಡಲಿಲ್ಲ. ಇಂಗ್ಲಿಷ್ ಬರುವುದಿಲ್ಲ ಅನ್ನುವ ಹೆದರಿಕೆ ಅಂತ ಆಗ ಅಂದುಕೊಂಡಿದ್ದೆ. ನಿಜ ಬೇರೆ ಇತ್ತು. ಎರಡೂವರೆ ವರ್ಷ ಹೇಳಿದ್ದನ್ನು ಮಾಡಿ ಮಾಡಿ, ನನ್ನ ಅಭಿಪ್ರಾಯ ಯಾರಾದರೂ ಕೇಳುತ್ತಾರೆ ಅನ್ನುವುದೇ ಮರೆತುಹೋಗಿತ್ತು. ಮುಂದಿನ ಒಂದು ವರ್ಷ ದಿನಾ ರಾತ್ರಿ ಪೇಪರ್ ಜೋರಾಗಿ ಓದಿದೆ, ಬ್ಯಾರಕ್‌ನಲ್ಲಿ ಯಾವ ಜಗಳ ಬಂದರೂ "ನೀನೇನು ಹೇಳ್ತೀಯ" ಅಂತ ಕೇಳುವ ಮೊದಲೇ ನನ್ನ ಮಾತು ಹೇಳುವುದು ರೂಢಿ ಮಾಡಿಕೊಂಡೆ. ಎರಡನೇ ಸಲ ಐದು ದಿನವೂ ಉಳಿದೆ. ಹದಿನೈದು ಸೆಕೆಂಡಿಗೆ ಒಂದರಂತೆ 60 ಪದ, ಪ್ರತಿ ಪದಕ್ಕೂ ಒಂದು ವಾಕ್ಯ. ಅರ್ಧ ಗಂಟೆಯಲ್ಲಿ 60 ಸಂದರ್ಭ, ಪ್ರತಿಯೊಂದರಲ್ಲೂ ನೀನು ಏನು ಮಾಡುತ್ತೀಯ ಅಂತ ಬರೆಯಬೇಕು. ಅಲ್ಲಿ ಯಾರಿಗೂ ನಟನೆ ಮಾಡಲು ಟೈಮ್ ಇರುವುದಿಲ್ಲ, ಕಲಿತುಕೊಂಡು ಹೋದ ಉತ್ತರ ಹತ್ತನೇ ಪದಕ್ಕೇ ಮುಗಿದುಹೋಗುತ್ತದೆ. ಕೊನೆಗೆ ಆಯ್ಕೆಯಾದವರಲ್ಲಿ ನನ್ನ ಚೆಸ್ಟ್ ನಂಬರ್ ಕೂಗಿದಾಗ ಕಾಲು ನಡುಗಿತು.

ನನ್ನ ಜೊತೆ ಪ್ಯಾನೆಲ್ ಎತ್ತುತ್ತಿದ್ದ ಗೆಳೆಯನೊಬ್ಬ ನನಗಿಂತ ಬುದ್ಧಿವಂತ. ಅವನು ಫಾರ್ಮ್ ತುಂಬಲೇ ಇಲ್ಲ. "ನನಗೆ ಕೈ ಹಚ್ಚಿ ಮಾಡುವ ಕೆಲಸ ಬೇಕು, ಕೂತು ಫೈಲ್ ನೋಡುವುದಲ್ಲ" ಅಂದ. ನಾಯಕ್, ಹವಾಲ್ದಾರ್, ನಾಯಬ್ ಸುಬೇದಾರ್ ಅಂತ ಏರಿ ಸುಬೇದಾರ್ ಮೇಜರ್ ಆದ. ಸೇತುವೆ ವಿಷಯದಲ್ಲಿ ಕಮಾಂಡಿಂಗ್ ಆಫೀಸರ್ ಅವನ ಮಾತು ಕೇಳದೆ ಹೆಜ್ಜೆ ಇಡುತ್ತಿರಲಿಲ್ಲ. ಅವನು ಕಡಿಮೆ ಆಯ್ಕೆ ಮಾಡಿದ ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ.

2009ರಲ್ಲಿ ಹೆಗಲಿಗೆ ಎರಡು ನಕ್ಷತ್ರ ಬಂತು. ನನಗೆ 26, ಎನ್‌ಡಿಎಯಿಂದ ಬಂದು ಪಕ್ಕದಲ್ಲಿ ನಿಂತವರಿಗೆ 21, 22. ಈ ನಾಲ್ಕೈದು ವರ್ಷದ ವ್ಯತ್ಯಾಸ ಕೊನೆಯವರೆಗೂ ಜೊತೆಗೆ ಬರುತ್ತದೆ, ಮೇಲಿನ ರ್‍ಯಾಂಕ್‌ಗಳಿಗೆ ಹೋಗಲು ನಮಗೆ ಉಳಿಯುವ ವರ್ಷಗಳೇ ಕಡಿಮೆ. ಆದರೆ ಎರಡು ಕೆಲಸದ ನಿಜವಾದ ವ್ಯತ್ಯಾಸ ನನಗೆ ಅರ್ಥವಾದದ್ದು ಆಮೇಲೆ, ಒಂದು ಬೇಲಿ ಬ್ರಿಡ್ಜ್ ಕಟ್ಟುವಾಗ. ಸೇತುವೆಯನ್ನು ಈ ದಡದಲ್ಲೇ ಜೋಡಿಸಿ, ರೋಲರ್ ಮೇಲೆ ಇಟ್ಟು ಆಚೆ ದಡಕ್ಕೆ ತಳ್ಳುತ್ತಾರೆ. ಮುಂದೆ ಹಗುರವಾದ ಮೂತಿ ಇರುತ್ತದೆ. ಅದು ಆಚೆ ದಡ ಮುಟ್ಟುವವರೆಗೆ ಒಟ್ಟು ಭಾರದ ಮಧ್ಯಬಿಂದು ರೋಲರ್‌ನ ಹಿಂದೆಯೇ ಇರಬೇಕು. ಮುಂದೆ ಹೋಯಿತೋ, ಇಡೀ ಸೇತುವೆ ನೀರಿಗೆ. ಮಳೆ ಬೀಳುತ್ತಿತ್ತು, ಹುಡುಗರು ದಣಿದಿದ್ದರು, ಒಂದು ಪ್ಯಾನೆಲ್ ಎತ್ತುವ ಕಡೆ ಒಬ್ಬ ಕಮ್ಮಿ ಇದ್ದ. ನಾನು ಓಡಿ ಹೋಗಿ ರಾಡ್ ಹಿಡಿದೆ. ಹವಾಲ್ದಾರ್ ನನ್ನ ಕೈ ಮೇಲೆ ಕೈ ಇಟ್ಟರು. "ಸಾಬ್, ಇದನ್ನು ನಾವು ಎತ್ತುತ್ತೇವೆ. ನೀವು ಇಲ್ಲಿ ನಿಂತರೆ ರೋಲರ್ ಯಾರು ನೋಡುತ್ತಾರೆ?"

ರಾಡ್ ಬಿಟ್ಟು ವಾಪಸ್ ಹೋಗಿ ರೋಲರ್ ಹತ್ತಿರ ನಿಂತೆ. ಅಷ್ಟು ಕಷ್ಟದ ಹೆಜ್ಜೆ ನಾನು ಪರೇಡ್‌ನಲ್ಲೂ ಇಟ್ಟಿಲ್ಲ.

ಇನ್ನೊಂದು ರಜೆಯ ವಿಷಯ. ಜವಾನನಾಗಿದ್ದಾಗ ಅಕ್ಕನ ಮದುವೆಗೆ ನನಗೆ ರಜೆ ಸಿಗಲಿಲ್ಲ. ಆ ಸಿಟ್ಟು ವರ್ಷಗಟ್ಟಲೆ ಇತ್ತು. ಆಮೇಲೆ ಅದೇ ರಜೆ ಪಟ್ಟಿ ನನ್ನ ಮೇಜಿನ ಮೇಲೆ ಬಂತು. ಹಬ್ಬಕ್ಕೆ ಮೂವತ್ತು ಜನ ಕೇಳಿದ್ದಾರೆ, ಹತ್ತು ಜನರನ್ನು ಕಳಿಸಬಹುದು. ಒಬ್ಬನ ತಾಯಿಗೆ ಆಪರೇಷನ್, ಒಬ್ಬನ ಮಗು ಹುಟ್ಟಿ ನಾಲ್ಕು ತಿಂಗಳಾದರೂ ಅವನು ಇನ್ನೂ ಮುಖ ನೋಡಿಲ್ಲ. ಇಪ್ಪತ್ತು ಜನಕ್ಕೆ ಇಲ್ಲ ಅಂತ ನಾನೇ ಕರೆದು ಹೇಳಬೇಕು, ಮಾರನೇ ದಿನ ಅವರನ್ನೇ ಮುಂದೆ ನಿಂತು ಕರೆದುಕೊಂಡು ಹೋಗಬೇಕು. ಸಲ್ಯೂಟ್, ಮೆಸ್, ಕ್ವಾರ್ಟರ್ಸ್ ಎಲ್ಲ ನಿಜ, ಇಲ್ಲ ಅನ್ನಲ್ಲ. ಆದರೆ ಆಫೀಸರ್ ಅಂದರೆ ಹೆಚ್ಚಾಗಿ ಇದೇ. ನಿಮಗೆ ಕೈಯಲ್ಲಿ ರಾಡ್ ಹಿಡಿದು ಜೊತೆಗಾರರ ಮಧ್ಯೆ ಇರುವುದು ಇಷ್ಟವಾ, ಪಕ್ಕದಲ್ಲಿ ನಿಂತು ಎಲ್ಲರ ಪರವಾಗಿ ಹೌದು, ಇಲ್ಲ ಹೇಳಿ ಅದಕ್ಕೆ ಉತ್ತರ ಕೊಡುವುದು ಆಗುತ್ತದಾ ಅಂತ ನಿಮ್ಮನ್ನು ನೀವೇ ಕೇಳಿಕೊಳ್ಳಿ.

ಈಗಿನ ಲೆಕ್ಕ ನನ್ನ ಕಾಲದ್ದಲ್ಲ. 2022ರ ಜೂನ್‌ನಲ್ಲಿ ಅಗ್ನಿಪಥ್ ಬಂದ ಮೇಲೆ ಜವಾನನ ಬಾಗಿಲು ನಾಲ್ಕು ವರ್ಷದ್ದು. ವಯಸ್ಸು ಹದಿನೇಳೂವರೆಯಿಂದ 21 ಅಂತ ಶುರುವಾಯಿತು, ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ, ಅದರಲ್ಲಿ 9,000 ನಿಧಿಗೆ ಹೋಗಿ ಕೈಗೆ 21,000. ನಾಲ್ಕು ವರ್ಷದ ನಂತರ ಶೇಕಡಾ 25ರಷ್ಟು ಜನರನ್ನು ಉಳಿಸಿಕೊಳ್ಳುವ ಯೋಜನೆ. ಹೊರಗೆ ಬರುವವರಿಗೆ ಸುಮಾರು 11.71 ಲಕ್ಷ ರೂಪಾಯಿ ಸೇವಾ ನಿಧಿ, ಪಿಂಚಣಿ ಇಲ್ಲ. ಲೆಫ್ಟಿನೆಂಟ್‌ಗೆ ಮೂಲ ವೇತನವೇ 56,100, ಮೇಲೆ ಮಿಲಿಟರಿ ಸರ್ವೀಸ್ ಪೇ 15,500. ಹಾಗಾಗಿ ನನ್ನ ಹಾಗೆ ಮೊದಲು ಒಳಗೆ ಹೋಗಿ ಆಮೇಲೆ ನೋಡೋಣ ಅನ್ನುವುದನ್ನು ಈಗ ನಾನು ಯಾರಿಗೂ ಹೇಳುವುದಿಲ್ಲ. ವಯಸ್ಸು ಇರುವಾಗ ಎನ್‌ಡಿಎ ಮೊದಲು ಬರೆಯಿರಿ. ವರ್ಷಕ್ಕೆ ಎರಡು ಸಲ ಇರುತ್ತದೆ, ಎರಡನೇ ಪಿಯುಸಿಯಲ್ಲೇ ಬರೆಯಬಹುದು, ಈಗ ಹುಡುಗಿಯರಿಗೂ ಇದೆ. ಅದು ಆಗದಿದ್ದರೆ ಡಿಗ್ರಿ ಮಾಡಿ ಸಿಡಿಎಸ್, ಅದು ಡಿಗ್ರಿ ಆದವರು ಆಫೀಸರ್ ಆಗಲು ಬರೆಯುವ ಪರೀಕ್ಷೆ. ಡಿಗ್ರಿಯಲ್ಲಿ ಎನ್‌ಸಿಸಿ ಸೇರಿ 'ಸಿ' ಸರ್ಟಿಫಿಕೇಟ್ ತೆಗೆದುಕೊಂಡರೆ ಲಿಖಿತ ಪರೀಕ್ಷೆ ಇಲ್ಲದೆ ನೇರ ಎಸ್‌ಎಸ್‌ಬಿಗೆ ಹೋಗುವ ದಾರಿಯೂ ಇದೆ, ಇದು ತುಂಬಾ ಜನರಿಗೆ ಗೊತ್ತಿಲ್ಲ. ಮನೆ ನಡೆಯಬೇಕು, ಕಾಯಲು ಆಗಲ್ಲ ಅನ್ನುವವರು ಅಗ್ನಿವೀರರಾಗಿ ಹೋಗಿ, ತಲೆ ಎತ್ತಿಕೊಂಡು ಹೋಗಿ, ಆದರೆ ಐದನೇ ವರ್ಷ ಏನು ಅಂತ ಮನೆಯವರ ಜೊತೆ ಕೂತು ಮಾತಾಡಿ ಹೋಗಿ.

ಅಕ್ಕನ ಮಗನಿಗೆ ಈಗ ಹದಿನೇಳು ತುಂಬಿದೆ. ಕಳೆದ ತಿಂಗಳು ಊರಿಗೆ ಹೋದಾಗ ಬೆಳಿಗ್ಗೆ ಐದಕ್ಕೆ ಅವನ ಜೊತೆ ಕೆರೆ ಏರಿ ಮೇಲೆ ಓಡಿದೆ. ಓಟ ಎರಡೂ ಬಾಗಿಲಿಗೆ ಬೇಕು, ಅದರಲ್ಲಿ ಗೊಂದಲ ಇಲ್ಲ. ಗಣಿತ ಎನ್‌ಡಿಎಯಲ್ಲಿ 300 ಅಂಕಕ್ಕೆ ಇದೆ, ಅದರಲ್ಲಿ ಅವನು ಸ್ವಲ್ಪ ಹಿಂದೆ. ಏರಿ ಕೊನೆಯಲ್ಲಿ ಉಸಿರು ಬಿಡುತ್ತಾ ಕೂತಾಗ ಕೇಳಿದ, "ಮಾಮ, ನಿಮಗೆ ಯಾವುದು ಇಷ್ಟ ಆಯ್ತು?" ಇಡೀ ದಾರಿ ವಾಪಸ್ ನಡೆದು ಬರುವವರೆಗೆ ನಾನು ಅವನಿಗೆ ಆ ಪ್ಯಾನೆಲ್ ಕಥೆಯನ್ನೇ ಹೇಳಿದೆ, ಎರಡು ಸಲ, ಒಂದು ಸಲ ರಾಡ್ ಹಿಡಿದವನಾಗಿ, ಇನ್ನೊಂದು ಸಲ ರೋಲರ್ ನೋಡಿದವನಾಗಿ.