60 ಮೀಟರ್ ಪ್ರಾಣಿ, ಒಂದು ಕಪ್ಪು ಬೆಡ್‌ಶೀಟು

ನನ್ನ ದೈತ್ಯ ಪ್ರಾಣಿ ಸಿನಿಮಾದ ಸ್ಕ್ರಿಪ್ಟ್ ಓದಿದ ಮೂವರು ನಿರ್ಮಾಪಕರೂ ಹೇಳಿದ್ದು ಒಂದೇ ಮಾತು. "ಪ್ರಾಣಿ ತೆಗೆದುಬಿಡಿ, ಅಣ್ಣ-ತಂಗಿ ಕಥೆ ಚೆನ್ನಾಗಿದೆ." ಹೊರಗೆ ಪ್ರಾಣಿ ಇಲ್ಲದಿದ್ದರೆ ಎಂಟು ವರ್ಷ ಮಾತು ಬಿಟ್ಟ ಆ ಅಣ್ಣ-ತಂಗಿ ಒಂದೇ ಮನೆಯಲ್ಲಿ ಎರಡು ದಿನ ಯಾಕೆ ಇರ್ತಾರೆ? ಅದು ಯಾರಿಗೂ ಹೊಳೆಯಲಿಲ್ಲ. ಈಗ ಸಿನಿಮಾ ಮುಗಿದಿದೆ, 84 ನಿಮಿಷ. ಮೊನ್ನೆ ಆ ಮೂವರಲ್ಲೊಬ್ಬರು ಫೋನ್ ಮಾಡಿ ಗ್ರಾಫಿಕ್ಸ್ ಯಾರ ಹತ್ರ ಮಾಡಿಸಿದ್ರಿ ಅಂತ ಕೇಳಿದರು. ಮಲಗುವ ಕೋಣೆಯಲ್ಲಿ ಕೂತು ನಾನೇ ಮಾಡಿದ್ದು ಅಂದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತೇ ಇಲ್ಲ.

ದಾರಿ ನಾನು ಕಂಡುಹಿಡಿದದ್ದಲ್ಲ. 2010ರಲ್ಲಿ ಬಂದ 'ಮಾನ್‌ಸ್ಟರ್ಸ್' ಸಿನಿಮಾಕ್ಕೆ ನಿರ್ದೇಶಕ ಗ್ಯಾರೆತ್ ಎಡ್ವರ್ಡ್ಸ್ 5 ಲಕ್ಷ ಡಾಲರ್‌ಗೂ ಕಡಿಮೆ ದುಡ್ಡಿನಲ್ಲಿ ಗ್ರಾಫಿಕ್ಸನ್ನೂ ತಾವೇ ಮಾಡಿಕೊಂಡಿದ್ದರು. ಅದನ್ನು ಹೇಳಿದಾಗಲೆಲ್ಲ ಬರುತ್ತಿದ್ದ ಉತ್ತರ, "ಅವರು ಅದಕ್ಕೂ ಮೊದಲೇ ಗ್ರಾಫಿಕ್ಸ್‌ನಲ್ಲಿ ಪಳಗಿದವರು." ನಿಜ. ನಾನು ಬರೀ ಎಡಿಟರ್.

ಮೊದಲ ತಪ್ಪು ದುಡ್ಡಿನದ್ದೇ. ಕ್ಯಾಮೆರಾ ಮುಂದೆ ನಿಜವಾದ ವಸ್ತು ಇದ್ದರೆ ನಟನೆ ಚೆನ್ನಾಗಿ ಬರುತ್ತೆ ಅಂತ ಎಲ್ಲೋ ಕೇಳಿ, ಫೋಮಿನಲ್ಲಿ ಒಂದು ಕಾಲು ಮಾಡಿಸಿದೆ. ಪಾದದ ಹತ್ತಿರದ ತುಂಡು ಮಾತ್ರ, ಎರಡಾಳು ಎತ್ತರ. ಒಟ್ಟು ಬಜೆಟ್ಟಿನಲ್ಲಿ ಹತ್ತಿರ ಹತ್ತಿರ ಐದನೇ ಒಂದು ಭಾಗ ಅದಕ್ಕೇ ಹೋಯಿತು. ಎರಡನೇ ದಿನ ಮಳೆ. ನೀರು ಕುಡಿದ ಕಾಲನ್ನು ಆರು ಜನ ಸೇರಿದರೂ ಎತ್ತಲಾಗಲಿಲ್ಲ. ಸಿನಿಮಾದಲ್ಲಿ ಅದು ಒಂದು ಸೆಕೆಂಡೂ ಇಲ್ಲ.

ಎರಡನೇ ತಪ್ಪು ವೇಗದ್ದು. ಬ್ಲೆಂಡರ್ ಅನ್ನೋ 3ಡಿ ಸಾಫ್ಟ್‌ವೇರ್‌ನಲ್ಲಿ ಪ್ರಾಣಿಯನ್ನು ಮಾಡಿ, ನಡೆಸಿ, ವಾರಗಟ್ಟಲೆ ರೆಂಡರ್ ಹಾಕಿ (ಕಂಪ್ಯೂಟರ್ ಒಂದೊಂದೇ ಫ್ರೇಮಿನ ಚಿತ್ರ ತಯಾರಿಸುವುದು) ನೋಡಿದರೆ ನಾಯಿಮರಿ ಓಡಿ ಬಂದ ಹಾಗಿತ್ತು. ಚರ್ಮದ ಮೇಲೆ ಎಷ್ಟು ಕೆಲಸ ಮಾಡಿದರೂ ಅಷ್ಟೇ. ಆಮೇಲೆ ಒಂದು ರಾತ್ರಿ ಲೆಕ್ಕ ಹಾಕಿದೆ. 20 ಮೀಟರ್ ಎತ್ತರದಿಂದ ಬಿದ್ದ ವಸ್ತು ನೆಲ ಮುಟ್ಟಲು ಸುಮಾರು 2 ಸೆಕೆಂಡು ಬೇಕು. ಅಂದ್ರೆ ಸೆಕೆಂಡಿಗೆ 24ರ ಲೆಕ್ಕದಲ್ಲಿ 48 ಫ್ರೇಮ್. ಅಷ್ಟೆತ್ತರದಿಂದ ಇಳಿಯುವ ಕಾಲನ್ನು ನಾನು 12ರಲ್ಲೇ ಇಳಿಸಿದ್ದೆ! ಹಳೆಯದನ್ನೆಲ್ಲ ಬಿಸಾಕಿ 50ರ ಆಸುಪಾಸಿಗೆ ಎಳೆದೆ. ಅದೇ ಮಾಡೆಲ್, ಅದೇ ಚರ್ಮ. ಆದರೆ ಅವತ್ತು ಮೊದಲ ಸಲ ಭಯ ಆಯಿತು.

ದೂರ ಹೋದಷ್ಟೂ ಮಂಜಿನಿಂದ ವಸ್ತುಗಳು ಮಸುಕಾಗುತ್ತವೆ, ಕಪ್ಪು ಕೂಡ ತಿಳಿಯಾಗುತ್ತೆ. ನಾನು ಮಾಡಿದ್ದಿಷ್ಟೇ, ಶಾಟಿನಲ್ಲಿ ಪ್ರಾಣಿಯಷ್ಟೇ ದೂರದಲ್ಲಿರುವ ಗುಡ್ಡದ ಅತಿ ಕಪ್ಪು ಜಾಗ ಹುಡುಕಿ, ಪ್ರಾಣಿಯ ಕಪ್ಪು ಅದಕ್ಕಿಂತ ಗಾಢ ಆಗದ ಹಾಗೆ ನೋಡಿಕೊಂಡೆ. ಕಾಲು ನೆಲ ಮುಟ್ಟುವ ಜಾಗದ ಮುಂದೆ ಗೋಡೆಯೋ ಪೊದೆಯೋ ಇರುವ ಫ್ರೇಮುಗಳನ್ನೇ ಆರಿಸಿದೆ. ನನ್ನ ಕ್ಯಾಮೆರಾ ಫ್ರೇಮನ್ನು ಒಂದೇ ಸಲ ಅಲ್ಲ, ಸಾಲು ಸಾಲಾಗಿ ಹಿಡಿಯುತ್ತೆ (ರೋಲಿಂಗ್ ಶಟರ್). ಅದರಿಂದ ಟ್ರ್ಯಾಕಿಂಗ್, ಅಂದ್ರೆ ಕ್ಯಾಮೆರಾ ಅಲುಗಾಟಕ್ಕೆ ಪ್ರಾಣಿಯನ್ನು ಹೊಂದಿಸುವ ಕೆಲಸ, ಜಾರುತ್ತಿತ್ತು, ಪಾದ ಐಸ್ ಮೇಲೆ ನಿಂತ ಹಾಗೆ ಕಾಣುತ್ತಿತ್ತು. ಪಾದವೇ ಕಾಣದಿದ್ದರೆ ಜಾರಿದ್ದು ಯಾರಿಗೆ ಗೊತ್ತಾಗುತ್ತೆ? ಗೋಡೆಯಾಚೆ ಏಳುವ ಧೂಳನ್ನು ಮಾತ್ರ ಕಂಪ್ಯೂಟರಿನಲ್ಲಿ ಮಾಡಿಲ್ಲ. ಹೇಗೆ ಮಾಡಿದೆ ಅಂತ ಮುಂದಿನ ಸಿನಿಮಾ ಮುಗಿಯುವ ತನಕ ಹೇಳಲ್ಲ, ಬೇಜಾರಾಗಬೇಡಿ.

ಎಲ್ಲರೂ ಕೇಳುವುದು ಹೊಲಿಗೆ ಶಾಟ್ ಬಗ್ಗೆ. ತಂಗಿ ಕಿಟಕಿ ಪಕ್ಕ ಕೂತು ಅಪ್ಪನ ಅಂಗಿಗೆ ಗುಂಡಿ ಹೊಲಿಯುತ್ತಿದ್ದಾಳೆ. ಹೊರಗಿನಿಂದ ನೆರಳು ಬರುತ್ತೆ. ಅವಳ ಮುಖ ಕತ್ತಲಾಗುತ್ತೆ, ಮತ್ತೆ ಬೆಳಕಾಗುತ್ತೆ. ಅಷ್ಟೇ. ಅದರಲ್ಲಿ ಗ್ರಾಫಿಕ್ಸ್ ಸೊನ್ನೆ. ಹೊರಗೆ ಇಬ್ಬರು ಹುಡುಗರು ಕಪ್ಪು ಬಣ್ಣ ಹಾಕಿದ ಬೆಡ್‌ಶೀಟನ್ನು ಎರಡು ಕೋಲಿಗೆ ಕಟ್ಟಿ ಕಿಟಕಿ ಮುಂದೆ ನಡೆದರು. ಮೊದಲ ಟೇಕುಗಳಲ್ಲಿ ಮೋಡ ಹೋದ ಹಾಗಿತ್ತು. ಬಟ್ಟೆಯನ್ನು ಇನ್ನೂ ಹತ್ತಿರ ತಂದು, ನಡುವೆ ಒಂದು ಕಡೆ ಹರಿದೆ. ಒಂದು ಕ್ಷಣ ಬೆಳಕು ಇಣುಕಿ ಮತ್ತೆ ಮುಚ್ಚಿತು, ಎರಡು ಕಾಲಿನ ನಡುವಿನ ಸಂದಿನ ಹಾಗೆ. ಏಳನೇ ಟೇಕಿನಲ್ಲಿ ನಟಿಯ ಬೆರಳಿಗೆ ಸೂಜಿ ಚುಚ್ಚಿತು. ಅವರು ಅಲ್ಲಾಡಲಿಲ್ಲ. ಬೆರಳನ್ನು ಬಾಯಲ್ಲಿಟ್ಟುಕೊಂಡು ಮೇಲೆ ನೋಡುತ್ತಾ ಕೂತರು. ನಾನು ಕಟ್ ಹೇಳುವುದನ್ನೇ ಮರೆತೆ.

ಶಬ್ದಕ್ಕೂ ಒಂದಿಷ್ಟು ಕಾಲ ಹಾಳು ಮಾಡಿದೆ. 1954ರ ಗಾಡ್ಜಿಲ್ಲಾ ಘರ್ಜನೆಗೆ ಅದರ ಸಂಗೀತ ನಿರ್ದೇಶಕ ಅಕಿರಾ ಇಫುಕುಬೆ ಡಬಲ್ ಬಾಸ್‌ ಅನ್ನೋ ದೊಡ್ಡ ಪಿಟೀಲಿನಂಥ ವಾದ್ಯದ ತಂತಿ ಸಡಿಲ ಮಾಡಿ, ರಾಳ ಸವರಿದ ಚರ್ಮದ ಗ್ಲೌಸಿನಿಂದ ಉಜ್ಜಿದ್ದರಂತಲ್ಲ, ನಾನೂ ಸಾಲ ತಂದ ಚೆಲ್ಲೋ (ಅದಕ್ಕಿಂತ ಚಿಕ್ಕ ವಾದ್ಯ) ಮೇಲೆ ಪ್ರಯತ್ನಿಸಿದೆ. ಬಾಗಿಲು ಕಿರುಗುಟ್ಟಿದ ಹಾಗೆ ಬಂತು. ಚೆಲ್ಲೋ ಕೊಟ್ಟವರು ಈಗ ನನ್ನ ಫೋನ್ ಎತ್ತುವುದಿಲ್ಲ. ಕೊನೆಗೆ ಉಪಯೋಗಕ್ಕೆ ಬಂದದ್ದು ನಮ್ಮ ಮುದಿ ನಾಯಿಯ ಗೊರಕೆ. ವೇಗ ಕಾಲು ಭಾಗಕ್ಕೆ ಇಳಿಸಿದರೆ ಸ್ವರ ಎರಡು ಆಕ್ಟೇವ್ (ಸ್ಥಾಯಿ) ಕೆಳಗೆ ಹೋಗುತ್ತೆ. ಇನ್ನೊಂದು ಪದರ ಸೇರಿಸಿದ್ದೇನೆ, ಅದೂ ಗುಟ್ಟು. ಆ ಫೋಮ್ ಕಾಲು ಒಣಗಿದ ಮೇಲೆ ನಾಯಿಯ ಹಾಸಿಗೆ ಆಗಿದೆ.

ಮಿನಿಯೇಚರ್, ಅಂದ್ರೆ ಪುಟ್ಟ ಮಾದರಿ, ಕೂಡ ಮಾಡಿ ನೋಡಿದೆ. 25ರಲ್ಲಿ 1ರ ಅಳತೆಯ ಸೇತುವೆ, ಬೀಳುವುದು ನಿಧಾನವಾಗಿ, ದೊಡ್ಡದಾಗಿ ಕಾಣಲಿ ಅಂತ ಸೆಕೆಂಡಿಗೆ 120 ಫ್ರೇಮಿನಲ್ಲಿ ಚಿತ್ರೀಕರಣ. ಸೇತುವೆ ಚೆನ್ನಾಗಿಯೇ ಮುರಿಯಿತು. ಕೆಳಗಿನ ನೀರಿನ ಹನಿಗಳು ಮಾತ್ರ ಫುಟ್‌ಬಾಲ್ ಗಾತ್ರಕ್ಕೆ ಕಂಡವು. ನೀರನ್ನು ಚಿಕ್ಕದು ಮಾಡೋಕಾಗಲ್ಲ. ಅಲ್ಲಿಗೆ ಬಿಟ್ಟೆ.

ಲೆಕ್ಕ ಕೇಳುವವರಿಗೆ: ಹೆಚ್ಚುಕಡಿಮೆ ಅರ್ಧ ದುಡ್ಡು ಇಬ್ಬರು ನಟರಿಗೆ ಮತ್ತು ಎಲ್ಲರ ಊಟ-ಓಡಾಟಕ್ಕೆ. ಗ್ರಾಫಿಕ್ಸಿಗೆ ಕಂಪ್ಯೂಟರಿನ ಒಂದು ಹಳೆ ಗ್ರಾಫಿಕ್ಸ್ ಕಾರ್ಡು, ವಿದ್ಯುತ್ ಬಿಲ್ಲು, ಹದಿನಾಲ್ಕು ತಿಂಗಳ ನನ್ನ ನಿದ್ದೆ. ಪ್ರಾಣಿ ಕಾಣುವ ಶಾಟು ಅರವತ್ತರಷ್ಟು, ಎಲ್ಲ ಸೇರಿ ನಾಲ್ಕು ನಿಮಿಷ ಇರಬಹುದು. ಒಂದು ಹಾರ್ಡ್ ಡಿಸ್ಕ್ ಸತ್ತು ಒಂಬತ್ತು ಶಾಟು ಮತ್ತೆ ಮಾಡಬೇಕಾಯಿತು. ಬ್ಯಾಕಪ್ ಇಟ್ಟಿರಲಿಲ್ಲ, ಬೈಯಬೇಡಿ, ಮನೆಯಲ್ಲಿ ಆಗಲೇ ಬೈಸಿಕೊಂಡಿದ್ದೇನೆ. ಅದರಲ್ಲಿ ಒಂದರ ಟ್ರ್ಯಾಕಿಂಗ್ ಇನ್ನೂ ಸರಿಯಿಲ್ಲ. ಎಷ್ಟನೇ ನಿಮಿಷದಲ್ಲಿ ಅಂತ ಕೇಳಬೇಡಿ. ಇಲ್ಲಿವರೆಗೆ ಯಾರೂ ಹಿಡಿದಿಲ್ಲ.